ಅಂದರ್ ಅಂದರೂ ಸರಿ, ಬಾಹರ್ ಅಂದರೂ ಸರಿ: ಓರೆ ಪ್ಯಾಕಿನ ಒಂದು ಸುಲಭ ಜಾದೂ

ಚೌತಿ, ದೀಪಾವಳಿ, ಮದುವೆ ಹಂಗಾಮು ಹತ್ತಿರ ಬಂತೆಂದರೆ ಕಾರವಾರ, ಕುಮಟಾ, ಶಿರಸಿ ಕಡೆಯ ಓದುಗರು ಕೇಳುವುದು ಎರಡೇ ಪ್ರಶ್ನೆ. ವರ್ಷಗಟ್ಟಲೆ ಕೈಚಳಕ ಕಲಿಯುವಷ್ಟು ಪುರಸೊತ್ತಿಲ್ಲ, ನೆಂಟರ ಮುಂದೆ ಮಾಡಲು ಜೂಜಿನ ಧಾಟಿಯ ಸುಲಭದ ಇಸ್ಪೀಟ್ ಜಾದೂ ಯಾವುದಿದೆ? ಆನ್‌ಲೈನಿನಲ್ಲಿ ‘ಮ್ಯಾಜಿಕ್ ಡೆಕ್’ ಅಂತ ಒಂದು ತರಿಸಿಟ್ಟಿದ್ದೇನೆ, ಅದನ್ನು ಏನು ಮಾಡುವುದು? ಎರಡಕ್ಕೂ ಒಟ್ಟಿಗೆ ಉತ್ತರವಾಗಲಿ ಅಂತ ಈ ಲೇಖನ.

ಇಲ್ಲಿ ಹೇಳಿಕೊಡುವುದು ಅಂದರ್-ಬಾಹರ್ ಜಾದೂ. ನಮ್ಮ ಕಡೆ ಈ ಆಟದ ಹೆಸರು ಕೇಳದವರಿಲ್ಲ, ಆಡದವರೂ ಪೇಪರಿನಲ್ಲಿ ಓದಿರುತ್ತಾರೆ. ಆದರೂ ಗೊತ್ತಿಲ್ಲದವರಿಗೆ ಎರಡು ಮಾತು: ನಡುವೆ ಒಂದು ಎಲೆ ತೆರೆದಿಡುತ್ತಾರೆ, ಅದಕ್ಕೆ ಜೋಕರ್ ಎನ್ನುತ್ತಾರೆ. ಆಮೇಲೆ ಒಂದು ಎಲೆ ಅಂದರ್ ಕಡೆಗೆ, ಒಂದು ಬಾಹರ್ ಕಡೆಗೆ ಅಂತ ತೆರೆದು ಹಾಕುತ್ತ ಹೋಗುತ್ತಾರೆ. ಜೋಕರಿನ ಜೋಡಿ, ಅಂದರೆ ಅದೇ ಅಂಕಿಯ ಇನ್ನೊಂದು ಎಲೆ, ಯಾವ ಕಡೆ ಮೊದಲು ಬೀಳುತ್ತದೋ ಆ ಕಡೆ ಕಟ್ಟಿದವರು ಗೆದ್ದರು.

ಜಾದೂ ನೋಡುವವರಿಗೆ ಹೀಗೆ ಕಾಣುತ್ತದೆ. ಎದುರಿಗಿರುವವರು ತಮಗೆ ಬೇಕಾದ ಅಂಕಿ ಹೇಳುತ್ತಾರೆ, ಏಳು ಅನ್ನೋಣ. ನಾಲ್ಕು ಏಳುಗಳನ್ನು ಹೊರತೆಗೆದು ಒಂದನ್ನು ಜೋಕರ್ ಮಾಡುತ್ತೀರಿ, ಉಳಿದ ಮೂರನ್ನು ಪ್ಯಾಕಿನ ಬೇರೆ ಬೇರೆ ಕಡೆ ತೂರಿಸುತ್ತೀರಿ. ಪ್ಯಾಕನ್ನು ಅವರೇ ಕಲಸುತ್ತಾರೆ. ಅಂದರೋ ಬಾಹರೋ ಅವರೇ ಆರಿಸುತ್ತಾರೆ. ನೀವು ಎಲೆ ಹಾಕುತ್ತೀರಿ, ಜೋಡಿ ಅವರು ಹೇಳಿದ ಕಡೆಯೇ ಬೀಳುತ್ತದೆ. ಇದು ಅದೃಷ್ಟವಲ್ಲ, ಪ್ರತಿ ಸಲವೂ ಹೀಗೇ ಆಗುತ್ತದೆ.

ಮೊದಲೇ ಒಂದು ಮಾತು. ಪ್ಯಾಕ್ ಕೊಂಡರೆ ಜಾದೂ ಕೊಂಡ ಹಾಗೆ ಅಂತ ತಿಳಿದವರೇ ಹೆಚ್ಚು. ಈ ಜಾದೂಗೆ ಬೇಕಾದ ಓರೆ ಪ್ಯಾಕ್, ಅಂದರೆ ಅಂಚನ್ನು ತುಸು ಓರೆಯಾಗಿ ಕತ್ತರಿಸಿದ ಎಲೆಗಳ ಪ್ಯಾಕ್, ಮಾಡುವ ಕೆಲಸ ಒಂದೇ: ಕಲಸಿಹೋದ ಮೂರು ಎಲೆಗಳನ್ನು ಮತ್ತೆ ಒಂದೆಡೆ ಸೇರಿಸಿ ಕೊಡುವುದು. ಅವು ಯಾವ ಕಡೆ ಬೀಳಬೇಕು ಅನ್ನುವುದು ನೀವು ಎಲೆ ಹಾಕುವ ಲೆಕ್ಕದ ಕೆಲಸ. ಆ ಲೆಕ್ಕ ಐದನೇ ಮತ್ತು ಆರನೇ ಹಂತದಲ್ಲಿದೆ, ಅಲ್ಲಿ ನಿಧಾನವಾಗಿ ಓದಿ.

ದುಡ್ಡಿಟ್ಟು ಮಾಡಬೇಡಿ

ಇದನ್ನು ಕೊನೆಗೆ ಹೇಳಿದರೆ ಯಾರೂ ಓದುವುದಿಲ್ಲ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ಇಂಥ ಪ್ಯಾಕಿನಲ್ಲಿ ಹತ್ತು ರೂಪಾಯಿ ಪಣಕ್ಕಿಟ್ಟು ಆಡಿದರೂ ಅದು ಜಾದೂ ಅಲ್ಲ, ಮೋಸ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ವಂಚನೆಗೆ ಸಂಬಂಧಿಸಿದ್ದು. ಕರ್ನಾಟಕ ಪೊಲೀಸ್ ಕಾಯ್ದೆ 1963ರ 79 ಮತ್ತು 80ನೇ ಕಲಂ ಜೂಜಿನ ಅಡ್ಡೆ ನಡೆಸುವವರಿಗೆ, ಅಲ್ಲಿ ಸಿಕ್ಕಿಬೀಳುವವರಿಗೆ. 87ನೇ ಕಲಂ ರಸ್ತೆಯಂಥ ಸಾರ್ವಜನಿಕ ಜಾಗದಲ್ಲಿ ಜೂಜಾಡುವವರಿಗೆ. ದುಡ್ಡಿಲ್ಲದೆ ಮಾಡಿದರೂ ಬಸ್ ನಿಲ್ದಾಣ, ಜಾತ್ರೆ ಪೇಟೆ, ಕಡಲ ದಂಡೆಯಂಥ ಕಡೆ ಬೇಡ. ದೂರದಿಂದ ನೋಡಿದವರಿಗೆ ಇದು ಅಸಲಿ ಅಂದರ್-ಬಾಹರ್ ಹಾಗೆಯೇ ಕಾಣುತ್ತದೆ. ಬೀಟ್ ಪೊಲೀಸರ ಮುಂದೆ ಜಾದೂವಿನ ಮರ್ಮ ವಿವರಿಸುತ್ತ ನಿಲ್ಲುವ ಪರಿಸ್ಥಿತಿ ಯಾಕೆ?

ಪಣ ಬೇಕೇ ಬೇಕು ಅನ್ನಿಸಿದರೆ ಕರಾವಳಿಯಲ್ಲಿ ಗೇರುಬೀಜ, ಘಟ್ಟದ ಮೇಲೆ ಅಡಿಕೆ. ಮಕ್ಕಳಿದ್ದರೆ ಹುಣಸೆ ಬೀಜ ಸಾಕು. ಗೆದ್ದ ಬೀಜವನ್ನೂ ಜಾದೂ ಮುಗಿದ ಮೇಲೆ ವಾಪಸ್ ಕೊಟ್ಟುಬಿಡಿ.

ಬೇಕಾಗುವ ಸಾಮಾನು

ಒಂದು ಓರೆ ಪ್ಯಾಕ್. ಅದೇ ಬೆನ್ನಿನ ಚಿತ್ರವಿರುವ, ಏನೂ ಮಾಡಿರದ ಇನ್ನೊಂದು ಪ್ಯಾಕ್. ಹಾಸಲು ಒಂದು ಜಮಖಾನ ಅಥವಾ ದಪ್ಪ ಟವೆಲ್, ಏಕೆಂದರೆ ನುಣುಪಾದ ಟೈಲ್ಸ್ ನೆಲದಿಂದ ಎಲೆ ಎತ್ತುವುದೇ ಒಂದು ಪೇಚಾಟ. ಮೇಲೆ ಅಂದರ್, ಬಾಹರ್ ಅಂತ ಬರೆದ ಎರಡು ಚೀಟಿ. ಇಷ್ಟೇ.

ಓರೆ ಪ್ಯಾಕ್ ಅಂದದ್ದು ಅಂಗಡಿಯವರು ‘ಸ್ಟ್ರಿಪ್ಪರ್ ಡೆಕ್’ ಎಂದು ಮಾರುವ ಪ್ಯಾಕಿಗೆ. ಕೆಲವರು ‘ವಿಝಾರ್ಡ್ ಡೆಕ್’ ಎಂದೂ ಕರೆಯುತ್ತಾರೆ. ಇದರ 52 ಎಲೆಗಳ ಉದ್ದದ ಎರಡೂ ಅಂಚನ್ನು ಒಂದಿಷ್ಟೇ ಓರೆಯಾಗಿ ಕತ್ತರಿಸಿರುತ್ತಾರೆ. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. ವ್ಯತ್ಯಾಸ ಒಂದು ಮಿಲಿಮೀಟರಿನ ಆಸುಪಾಸು, ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಎಲೆಗಳ ಕಿರಿದು ತುದಿ ಒಂದೇ ಕಡೆ ಇದ್ದಾಗ ಪ್ಯಾಕ್ ಸಾಧಾರಣವಾಗಿಯೇ ಇರುತ್ತದೆ. ಯಾವುದಾದರೂ ಎಲೆಯನ್ನು ಹಿಂದುಮುಂದು ತಿರುಗಿಸಿ ಸೇರಿಸಿದರೆ ಅದರ ಅಗಲದ ತುದಿ ಉಳಿದವುಗಳ ಕಿರಿದು ತುದಿಯ ಪಕ್ಕ ಬಂದು ಕೂದಲೆಳೆಯಷ್ಟು ಹೊರಗೆ ಚಾಚುತ್ತದೆ. ಬೆರಳಿಗೆ ಅದು ಸಿಗುತ್ತದೆ. ಹಿಡಿದು ಎಳೆದರೆ ಆ ಎಲೆ ಮಾತ್ರ ಬರುತ್ತದೆ. ಮರ್ಮ ಇಷ್ಟೇ.

ಇದು ಹೊಸ ವಿದ್ಯೆಯೇನಲ್ಲ. ಜೂಜಿನ ಮೇಜಿನ ಮೋಸಗಾರರು ಇದನ್ನು ಜಾದೂಗಾರರಿಗಿಂತ ಮೊದಲೇ ಬಳಸುತ್ತಿದ್ದರು. ಫ್ರಾನ್ಸಿನ ಪ್ರಸಿದ್ಧ ಜಾದೂಗಾರ ರಾಬರ್ಟ್ ಹುದಿನ್ 1861ರಲ್ಲಿ ಇಸ್ಪೀಟ್ ಮೋಸಗಾರರ ತಂತ್ರಗಳನ್ನು ಬಯಲು ಮಾಡಿ ಬರೆದಾಗ ಓರೆ ಕತ್ತರಿಸಿದ ಎಲೆಗಳನ್ನೂ ವಿವರಿಸಿದ್ದ.

ಕೊಳ್ಳುವಾಗ ಆಗುವ ದೊಡ್ಡ ಎಡವಟ್ಟೆಂದರೆ ‘ಸ್ವೆಂಗಾಲಿ ಡೆಕ್’ ಕೈಗೆ ಬರುವುದು. ಜಾತ್ರೆಯ ಮಳಿಗೆಗಳಲ್ಲೂ ಆಟಿಕೆ ಅಂಗಡಿಗಳಲ್ಲೂ ‘ಮ್ಯಾಜಿಕ್ ಪ್ಯಾಕ್’ ಅಂದರೆ ಸಾಮಾನ್ಯವಾಗಿ ಅದನ್ನೇ ಕೊಡುತ್ತಾರೆ. ಅದರಲ್ಲಿ 26 ಎಲೆ ಒಂದೇ ಥರ ಇರುತ್ತವೆ, ಎಲ್ಲವೂ ಆಟೀನ್ ರಾಣಿ ಅನ್ನಿ, ಮತ್ತು ಅವು ಉದ್ದದಲ್ಲಿ ತುಸು ಗಿಡ್ಡ. ಅದೂ ಒಳ್ಳೆಯ ಪ್ಯಾಕೇ, ಆದರೆ ಈ ಜಾದೂಗೆ ಬರುವುದಿಲ್ಲ. ಬಿಚ್ಚಿ ನೋಡಿದಾಗ ಒಂದೇ ಎಲೆ ಪದೇ ಪದೇ ಕಂಡರೆ ಅದು ಸ್ವೆಂಗಾಲಿ. ಬೆನ್ನಿನ ಮೇಲೆ ಗುರುತು ಮಾಡಿರುವ ‘ಮಾರ್ಕ್ಡ್ ಡೆಕ್’ ಕೂಡ ಬೇರೆ.

ಮನೆಯಲ್ಲೇ ಮಾಡಬಹುದೇ ಎನ್ನುವವರಿಗೆ: ಕತ್ತರಿಯಿಂದ ಖಂಡಿತ ಆಗುವುದಿಲ್ಲ. ಬೈಂಡಿಂಗ್ ಅಂಗಡಿ ಅಥವಾ ಪ್ರೆಸ್ಸಿನ ಕಟಿಂಗ್ ಮಷಿನ್ನಿನಲ್ಲಿ ಇಡೀ ಪ್ಯಾಕನ್ನು ಒಟ್ಟಿಗೆ ಬಿಗಿದು, ಒಂದು ತುದಿಯಲ್ಲಿ ಅರ್ಧ ಮಿಲಿಮೀಟರು ಒಳಗೆ ಬರುವಂತೆ ಓರೆ ಇಟ್ಟು, ಎರಡೂ ಉದ್ದಂಚು ಕತ್ತರಿಸಿಕೊಡಲು ಕೇಳಬಹುದು. ಕತ್ತರಿಸಿದಲ್ಲಿ ಮೂಲೆ ಚೂಪಾಗುತ್ತದೆ. ಗುರುತಿನ ಚೀಟಿ ಲ್ಯಾಮಿನೇಷನ್ ಮಾಡುವವರ ಹತ್ತಿರ ಮೂಲೆ ಗುಂಡಗೆ ಮಾಡುವ ಕಟರ್ ಇದ್ದರೆ ಸರಿಪಡಿಸಿಕೊಳ್ಳಿ. ಬೆನ್ನಿಗೆ ಬಿಳಿ ಅಂಚಿರುವ ಪ್ಯಾಕ್ ಈ ಕೆಲಸಕ್ಕೆ ಬೇಡ, ಅಂಚು ಒಂದು ಕಡೆ ಸಪೂರವಾಗಿದ್ದು ಕಣ್ಣಿಗೆ ಹೊಡೆಯುತ್ತದೆ. ಇಷ್ಟೆಲ್ಲ ಓಡಾಡುವ ಬದಲು ಕೊಳ್ಳುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಕಾಗದದ ಎಲೆಯ ಪ್ಯಾಕನ್ನೇ ಕೊಳ್ಳಿ, ಪೂರ್ತಿ ಪ್ಲಾಸ್ಟಿಕ್ಕಿನದು ಬೆವರುಗೈಯಲ್ಲಿ ಜಾರುತ್ತದೆ.

ಹಂತ 1: ಎಳೆಯುವುದನ್ನು ಕಲಿಯಿರಿ

ಜನರ ಮುಂದೆ ಹೋಗುವ ಮೊದಲು ಇದೊಂದನ್ನು ಕೈಗೆ ಹತ್ತಿಸಿಕೊಳ್ಳಬೇಕು. ದಿನಕ್ಕೆ ಹತ್ತು ನಿಮಿಷದಂತೆ ಒಂದು ವಾರ ಸಾಕು.

ಎಲ್ಲ ಎಲೆಯ ಕಿರಿದು ತುದಿ ಒಂದೇ ಕಡೆ ಇರಲಿ. ಯಾವ ತುದಿ ಕಿರಿದು ಅಂತ ತಿಳಿಯದಿದ್ದರೆ ಒಂದು ಎಲೆ ತೆಗೆದು ತಿರುಗಿಸಿ ಮತ್ತೆ ಸೇರಿಸಿ, ಅಂಚಿನ ಮೇಲೆ ಬೆರಳಾಡಿಸಿ. ಆ ಎಲೆ ಎಲ್ಲಿ ಹೊರಗೆ ಚಾಚಿದೆಯೋ ಅದು ಪ್ಯಾಕಿನ ಕಿರಿದು ತುದಿ. ಈಗ ಯಾವುದಾದರೂ ಮೂರು ಎಲೆ ತೆಗೆದು, ತಿರುಗಿಸಿ, ಬೇರೆ ಬೇರೆ ಕಡೆ ತೂರಿಸಿ.

ಪ್ಯಾಕನ್ನು ಅಡ್ಡಲಾಗಿ ಹಿಡಿಯಿರಿ, ಒಂದು ತುದಿ ಎಡಗೈಗೆ, ಒಂದು ತುದಿ ಬಲಗೈಗೆ. ಎರಡೂ ಕೈಯ ಹೆಬ್ಬೆರಳು ನಿಮ್ಮ ಕಡೆಯ ಉದ್ದಂಚಿನ ಮೇಲೆ, ನಡುಬೆರಳು ಆಚೆ ಕಡೆಯ ಉದ್ದಂಚಿನ ಮೇಲೆ, ಎಲ್ಲವೂ ಆಯಾ ತುದಿಯ ಹತ್ತಿರ. ಹಗುರವಾಗಿ ಹಿಡಿದು ಎರಡೂ ಕೈಯನ್ನು ಪಕ್ಕಕ್ಕೆ ಎಳೆಯಿರಿ. ಮೂರು ಎಲೆ ಒಂದು ಕೈಗೆ, ಉಳಿದದ್ದು ಇನ್ನೊಂದು ಕೈಗೆ ಬರುತ್ತದೆ. ಯಾವ ಕೈಗೆ ಮೂರು ಬಂದರೂ ಅಡ್ಡಿಯಿಲ್ಲ. ಮೂರನ್ನು ಉಳಿದದ್ದರ ಮೇಲೆ ಇಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಬಿಗಿಯಾಗಿ ಹಿಡಿಯುವುದು. ಗಟ್ಟಿ ಒತ್ತಿದರೆ ಪ್ಯಾಕ್ ಬಾಗಿ, ಹೊರಚಾಚಿದ ಎಲೆಯ ಜೊತೆ ಪಕ್ಕದ ಎರಡು ಎಲೆಯೂ ಬರುತ್ತವೆ. ಬೆರಳು ಅಂಚಿಗೆ ತಾಗಿದರೆ ಸಾಕು.

ಇನ್ನೊಂದು ತಪ್ಪು ಕಣ್ಣಿಗೆ ಸಂಬಂಧಿಸಿದ್ದು. ಮೂರು ಎಲೆಯ ಸಣ್ಣ ಕಂತೆಯನ್ನು ಎಳೆದು ಆಚೆ ಒಯ್ದರೆ ಎದುರಿನವರಿಗೆ ಅದು ತೆಳ್ಳಗಿರುವುದು ಕಾಣುತ್ತದೆ. ಮೂರು ಎಲೆಯಿರುವ ಕೈ ಅಲ್ಲಾಡಕೂಡದು. ಉಳಿದ ಎಲೆಗಳಿರುವ ಕೈ ಪಕ್ಕಕ್ಕೆ ಸರಿದು, ಕೆಳಗೆ ಬಂದು, ಮೂರರ ಅಡಿಗೆ ಸೇರಲಿ. ಆಗ ನೋಡುವವರಿಗೆ ನೀವು ಪ್ಯಾಕನ್ನು ಸುಮ್ಮನೆ ಕಟ್ ಮಾಡಿದಂತೆ ಕಾಣುತ್ತದೆ, ಅಂದರೆ ಪ್ಯಾಕನ್ನು ಎರಡು ಭಾಗ ಮಾಡಿ ಕೆಳಗಿನದನ್ನು ಮೇಲೆ, ಮೇಲಿನದನ್ನು ಕೆಳಗೆ ಇಟ್ಟಂತೆ. ಬಲಗೈಯ ಬೆನ್ನು ಎದುರಿನವರ ಕಡೆಗಿದ್ದರೆ ಇನ್ನೂ ಒಳ್ಳೆಯದು.

ಹಂತ 2: ಶುರು ಮಾಡುವ ಮುನ್ನ ಪ್ಯಾಕ್ ಪರೀಕ್ಷೆ

ಜನ ಕೂಡುವ ಮೊದಲೇ ಒಮ್ಮೆ ಎಳೆದು ನೋಡಿ. ಯಾವ ಎಲೆಯೂ ಬರಬಾರದು. ಬಂದರೆ ಅದು ಹಿಂದಿನ ಸಲ ತಿರುಗಿಯೇ ಉಳಿದ ಎಲೆ, ಸರಿಮಾಡಿ. ಇದನ್ನು ಬಿಟ್ಟರೆ ಮುಂದೆ ಮೂರರ ಜಾಗದಲ್ಲಿ ನಾಲ್ಕು ಬಂದು, ಯಾವುದು ಏಳು, ಯಾವುದು ಅಲ್ಲ ಎಂದು ತಿಳಿಯದೆ ಲೆಕ್ಕವೆಲ್ಲ ಕೆಡುತ್ತದೆ.

ಕೂರುವ ಜಾಗವನ್ನೂ ನೋಡಿಕೊಳ್ಳಿ. ಜಗುಲಿಯಲ್ಲಾದರೆ ಗೋಡೆಗೆ ಬೆನ್ನು ಕೊಟ್ಟು ಕೂರಿ, ಹಿಂದೆ ಯಾರೂ ಇರಬಾರದು.

ಹಂತ 3: ಅಂಕಿ ಕೇಳಿ, ನಾಲ್ಕು ಎಲೆ ತೆಗೆಯಿರಿ

ಪ್ಯಾಕಿನ ಕಿರಿದು ತುದಿ ನಿಮ್ಮ ಕಡೆ ಇರಲಿ. “ಭಾವ, ಎಕ್ಕದಿಂದ ರಾಜನವರೆಗೆ ಯಾವುದಾದರೂ ಒಂದು ಹೇಳು” ಅನ್ನಿ. ಹಿರಿಯರಾದರೆ “ಹೇಳಿ”. ಅವರು ಏಳು ಅಂದರೆ ಇಸ್ಪೀಟ್, ಆಟೀನ್, ಡೈಮನ್, ಕಳಾವರ್ ನಾಲ್ಕೂ ಏಳುಗಳನ್ನು ಹುಡುಕಿ ತೆಗೆದು, ಮುಖ ಮೇಲಾಗಿ ಜಮಖಾನದ ಮೇಲೆ ಸಾಲಾಗಿ ಇಡಿ.

ಎಲೆಯನ್ನು ಮಗುಚುವಾಗ ಪುಸ್ತಕದ ಹಾಳೆ ತಿರುವಿದ ಹಾಗೆ ಪಕ್ಕಕ್ಕೆ ಮಗುಚಬೇಕು. ಮೇಲಿನ ತುದಿಯನ್ನು ಕೆಳಕ್ಕೆ ತಂದು ಮಗುಚಿದರೆ ಎಲೆ ತಿರುಗಿಬಿಡುತ್ತದೆ. ಈ ಪ್ಯಾಕಿನಲ್ಲಿ ಯಾವ ಎಲೆ ಮಗುಚುವಾಗಲೂ ಇದೇ ನಿಯಮ.

ನಾಲ್ಕರಲ್ಲಿ ಜೋಕರ್ ಯಾವುದೆಂದು ಅವರೇ ಆರಿಸಲಿ. ಅದನ್ನು ನಡುವೆ ಇಡಿ, ಎಡಕ್ಕೆ ಅಂದರ್ ಚೀಟಿ, ಬಲಕ್ಕೆ ಬಾಹರ್ ಚೀಟಿ. ಎದುರು ಕೂತವರಿಗೆ ಎಡಬಲ ಅದಲುಬದಲು, ಹಾಗಾಗಿ ಚೀಟಿ ಇಲ್ಲದೆ ಮಾಡಿದರೆ ಅವರು ಬೆರಳು ತೋರಿದ್ದು ಒಂದು, ನೀವು ತಿಳಿದದ್ದು ಇನ್ನೊಂದು ಆಗಬಹುದು.

ಹಂತ 4: ಮೂರು ಎಲೆ ಒಳಗೆ, ಪ್ಯಾಕ್ ಅವರ ಕೈಗೆ

ಜೋಕರ್ ಆರಿಸುವ ಗಡಿಬಿಡಿಯಲ್ಲಿ ಎಲ್ಲರ ಕಣ್ಣು ಎಲೆಗಳ ಮೇಲಿರುತ್ತದೆ. ಆಗ ಪಕ್ಕದಲ್ಲಿಟ್ಟ ಪ್ಯಾಕನ್ನು ಎತ್ತಿಕೊಳ್ಳಿ, ಎತ್ತುವಾಗ ನಿಮ್ಮ ಕಡೆಗಿದ್ದ ತುದಿಯನ್ನು ಎದುರಿನವರ ಕಡೆಗೆ ತಿರುಗಿಸಿಕೊಳ್ಳಿ. ಇಡೀ ಜಾದೂವಿನಲ್ಲಿ ಕದ್ದು ಮಾಡುವ ಕೆಲಸ ಇದೊಂದೇ. ಅವಸರ ಬೇಡ, ಪ್ಯಾಕ್ ಎತ್ತುವುದನ್ನು ಯಾರೂ ಗಮನಿಸುವುದಿಲ್ಲ.

ಮೂರು ಏಳುಗಳನ್ನು ನೀವೇ ಒಂದೊಂದಾಗಿ ಪಕ್ಕಕ್ಕೆ ಮಗುಚಿ, ಹಿಂದುಮುಂದು ತಿರುಗಿಸದೆ, “ಎಲ್ಲಿ ಹಾಕಲಿ?” ಎಂದು ಕೇಳುತ್ತ ಅವರು ತೋರಿಸಿದಲ್ಲಿ ಅರ್ಧ ತೂರಿಸಿ. ಉಳಿದರ್ಧ ಒಳಗೆ ತಳ್ಳುವುದು ಅವರ ಬೆರಳಿನ ಕೆಲಸವಾಗಲಿ. ಎಲೆಯನ್ನೇ ಅವರ ಕೈಗೆ ಕೊಟ್ಟಿರೋ, ಅವರು ಅದನ್ನು ತಿರುಗಿಸಿ ತೂರಿಸಬಹುದು. ನೀವು ಪ್ಯಾಕ್ ತಿರುಗಿಸಿದಿರಿ, ಅವರು ಎಲೆ ತಿರುಗಿಸಿದರು, ಎರಡೂ ಸೇರಿ ಸೊನ್ನೆ. ಆ ಎಲೆ ಮತ್ತೆ ಸಿಗುವುದಿಲ್ಲ.

ಈಗ ಕಲಸಲು ಕೊಡಬೇಕು. ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಎಲೆ ಇಳಿಸುತ್ತ ಕಲಸುವುದಿದೆಯಲ್ಲ, ಹಬ್ಬದ ರಮ್ಮಿಯಲ್ಲಿ ಎಲ್ಲರೂ ಮಾಡುವುದು, ಹಾಗೆ ಕಲಸಿದರೆ ಏನೂ ತೊಂದರೆಯಿಲ್ಲ. ಎರಡು ಅರ್ಧ ಮಾಡಿ ತುದಿಗೆ ತುದಿ ತಾಗಿಸಿ ‘ಫರ್ರ್’ ಅಂತ ಬಿಡುವವರ ಕೈಗೆ ಕೊಟ್ಟರೆ ಒಂದರ್ಧ ತಿರುಗಿಹೋಗುವ ಸಾಧ್ಯತೆ ಉಂಟು. ನೆಲದ ಮೇಲೆ ಹರಡಿ ಎರಡೂ ಕೈಯಿಂದ ಕಲಸಿದರಂತೂ ಮುಗಿಯಿತು. ಹಾಗಾಗಿ ಮೊದಲು ನೀವೇ ಕೈಯಲ್ಲಿ ಒಂದಿಷ್ಟು ಕಲಸಿ, “ಹೀಗೇ ಚೆನ್ನಾಗಿ ಕಲಸಿ” ಎಂದು ಕೊಡಿ. ಊರಲ್ಲಿ ಇಸ್ಪೀಟಿನಲ್ಲಿ ನುರಿತ ಕೈ ಯಾವುದೆಂದು ನಿಮಗೆ ಗೊತ್ತೇ ಇರುತ್ತದೆ. ಅವರ ಪಕ್ಕ ಕೂತ ಅತ್ತೆಗೋ ಚಿಕ್ಕಮ್ಮನಿಗೋ ಕೊಡುವುದು ಜಾಣತನ.

ವಾಪಸ್ ಪಡೆದು, ಅಂಚು ಸರಿಮಾಡುವವರಂತೆ ಎಳೆಯಿರಿ, ಮೂರನ್ನು ಮೇಲೆ ಇಡಿ. ಕೂಡಲೇ ಇನ್ನೊಮ್ಮೆ ಎಳೆಯಿರಿ. ಮೊದಲ ಸಲ ಒಂದು ತಪ್ಪಿಸಿಕೊಂಡಿದ್ದರೂ ಎರಡನೇ ಸಲ ಅದೂ ಸೇರಿ ಮೇಲೆ ಬರುತ್ತದೆ. ನೋಡುವವರಿಗೆ ಎರಡು ಸಲ ಕಟ್ ಮಾಡಿದ ಹಾಗೆ, ನಿಮಗೆ ನೆಮ್ಮದಿ.

ಹಂತ 5: ‘ತಾಲೀಮು’ ಎಲೆ

ಈಗ ಪ್ಯಾಕಿನ ಮೇಲಿನ ಮೂರೂ ಏಳು. ಇಲ್ಲಿಂದ ನೇರವಾಗಿ ಆಟ ಶುರು ಮಾಡಿದರೆ ಮೊದಲನೇ ಎಲೆಯೇ ಜೋಡಿ, ಎಲ್ಲರಿಗೂ ಅನುಮಾನ. ಅದಕ್ಕೆ ಆಟ ಗೊತ್ತಿಲ್ಲದವರಿಗೆ ಎಲೆ ಹಾಕುವ ಕ್ರಮ ತೋರಿಸುವ ನೆಪ ಮಾಡಬೇಕು.

ಮುಖ ಕೆಳಗಾಗಿಯೇ, ಅಂದರ್, ಬಾಹರ್, ಅಂದರ್, ಬಾಹರ್ ಅಂತ ಹೇಳುತ್ತ ಒಂದೊಂದು ಎಲೆ ಹಾಕಿ. ಮೊದಲ ಎಲೆ ಅಂದರಿಗೆ. ಎರಡೂ ಕಡೆ ಐದೈದು ಎಲೆಯಾದಾಗ ನಿಲ್ಲಿಸಿ. ಒಟ್ಟು ಹತ್ತು. ಎಣಿಸುತ್ತಿದ್ದೀರಿ ಅಂತ ಗೊತ್ತಾಗಬಾರದು, ಬಾಯಲ್ಲಿ ಅಂದರ್-ಬಾಹರ್, ಮನಸ್ಸಿನಲ್ಲಿ ಲೆಕ್ಕ.

ಹಂತ 6: ಅವರ ಆಯ್ಕೆ, ನಿಮ್ಮ ಜೋಡಣೆ

ಜಾದೂವಿನ ಜೀವ ಇಲ್ಲಿದೆ. ಎರಡು ಕಂತೆ ಮುಂದಿದೆ. “ನಿಮ್ಮ ಗೇರುಬೀಜ ಯಾವ ಕಡೆ? ಅಂದರೋ, ಬಾಹರೋ?” ಕೇಳಿ. ಮನಸ್ಸು ಬದಲಿಸಲು ಅವಕಾಶವನ್ನೂ ಕೊಡಿ.

ನೆನಪಿಡಬೇಕಾದ ನಿಯಮ ಒಂದೇ: ಅವರು ಹೇಳಿದ ಕಂತೆ ಕೆಳಗೆ. ಅಂದರ್ ಅಂದರೆ ಬಾಹರ್ ಕಂತೆಯನ್ನು ಎತ್ತಿ ಅಂದರ್ ಕಂತೆಯ ಮೇಲೆ ಹಾಕಿ. ಬಾಹರ್ ಅಂದರೆ ಅಂದರ್ ಕಂತೆಯನ್ನು ಬಾಹರಿನ ಮೇಲೆ. ಆ ಹತ್ತೂ ಎಲೆಯನ್ನು ಹಾಗೇ ಎತ್ತಿ ಪ್ಯಾಕಿನ ಮೇಲೆ ಇಡಿ.

ಯಾಕೆ ಹೀಗೆ ಎಂದು ಕೇಳುವವರಿಗಾಗಿ ಲೆಕ್ಕ. ಒಂದನೇ ಮತ್ತು ಮೂರನೇ ಏಳು ಅಂದರ್ ಕಂತೆಯ ತಳದಲ್ಲಿವೆ, ಎರಡನೆಯದು ಬಾಹರ್ ಕಂತೆಯ ತಳದಲ್ಲಿ. ಬಾಹರ್ ಕಂತೆ ಮೇಲೆ ಬಂದರೆ ಮೊದಲು ನಾಲ್ಕು ಬೇರೆ ಎಲೆ, ಐದನೆಯದು ಏಳು. ಎಲೆ ಹಾಕುವಾಗ 1, 3, 5 ಅಂದರಿಗೆ ಹೋಗುತ್ತವೆ, ಹಾಗಾಗಿ ಅಂದರ್ ಗೆಲ್ಲುತ್ತದೆ. ಅಂದರ್ ಕಂತೆ ಮೇಲೆ ಬಂದರೆ ಮೊದಲು ಮೂರು ಬೇರೆ ಎಲೆ, ನಾಲ್ಕನೆಯದು ಏಳು. ನಾಲ್ಕನೇ ಎಲೆ ಬಾಹರಿನದು. ಮೂರು ಏಳನ್ನೂ ಒಟ್ಟಿಗೆ ಹಿಡಿದಿಡಬೇಕಾದ್ದು ಇದಕ್ಕೇ, ಒಂದು ತಪ್ಪಿಸಿಕೊಂಡು ಪ್ಯಾಕಿನಲ್ಲಿ ಅಡ್ಡಾಡುತ್ತಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ.

ಎಚ್ಚರಿಕೆ: ಕಡೆಗೆ ಐದೈದು, ಇಲ್ಲವೇ ಏಳೇಳು ಹಾಕಬಹುದು. ಆರಾರು ಹಾಕಿದರೆ ನಿಯಮ ತಲೆಕೆಳಗಾಗಿ ಪ್ರತಿ ಸಲ ಅವರೇ ಸೋಲುತ್ತಾರೆ. ಏಳೇಳು ಹಾಕಿದಾಗ ಜೋಡಿ ಆರನೇ ಅಥವಾ ಏಳನೇ ಎಲೆಗೆ ಬೀಳುತ್ತದೆ.

ಇನ್ನೊಂದು: ಮೊದಲ ಎಲೆ ಯಾವ ಕಡೆ ಎನ್ನುವುದು ಊರಿಂದೂರಿಗೆ ಬೇರೆ. ಕೆಲವು ಕಡೆ ಜೋಕರ್ ಕಪ್ಪಾದರೆ ಅಂದರ್, ಕೆಂಪಾದರೆ ಬಾಹರ್ ಅಂತ ಶುರು ಮಾಡುತ್ತಾರೆ. “ನಮ್ಮಲ್ಲಿ ಬಾಹರಿಂದ” ಅಂತ ಯಾರಾದರೂ ತಗಾದೆ ತೆಗೆದರೆ ಒಪ್ಪಿಕೊಳ್ಳಿ. ತಾಲೀಮನ್ನೂ ಆಟವನ್ನೂ ಒಂದೇ ಕಡೆಯಿಂದ ಶುರು ಮಾಡಿದರಾಯಿತು, ನಿಯಮ ಬದಲಾಗುವುದಿಲ್ಲ. ತಾಲೀಮು ಒಂದು ಕಡೆಯಿಂದ, ಆಟ ಇನ್ನೊಂದು ಕಡೆಯಿಂದ ಆದರೆ ಕೆಟ್ಟಿತು. ಆದ್ದರಿಂದ ಈ ಚರ್ಚೆ ತಾಲೀಮಿಗೆ ಮೊದಲೇ ಮುಗಿದಿರಲಿ.

ಹಂತ 7: ಎಲೆ ಬೀಳಿಸುವುದು

ಈಗ ಮುಖ ಮೇಲಾಗಿ, ಒಂದೊಂದೇ ಎಲೆ. ಪ್ರತಿ ಎಲೆಯ ಹೆಸರು ಜೋರಾಗಿ ಹೇಳಿ: “ಅಂದರ್, ಕಳಾವರ್ ಗುಲಾಮ. ಬಾಹರ್, ಡೈಮನ್ ಮೂರು.” ಜೋಡಿ ಬೀಳುವ ಎಲೆಯನ್ನು ತೆರೆಯುವ ಮೊದಲು ಒಂದು ಕ್ಷಣ ತಡೆಯಿರಿ. ಬೇಕಿದ್ದರೆ ಅದನ್ನು ಅವರ ಕೈಯಲ್ಲೇ ತೆರೆಸಿ, ಆ ಮಜವೇ ಬೇರೆ.

ಇಷ್ಟು ಬೇಗ ಬಿದ್ದರೆ ಅನುಮಾನ ಬರುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಪ್ರಾಮಾಣಿಕವಾಗಿ ಕಲಸಿದ ಪ್ಯಾಕಿನಲ್ಲೂ ಐದು ಎಲೆಯೊಳಗೆ ಜೋಡಿ ಬೀಳುವ ಸಂಭವ ನೂರಕ್ಕೆ 27. ಆಡಿ ಗೊತ್ತಿದ್ದವರಿಗೆ ಅದು ಸಹಜವೇ. ಹಾಗೆ ನೋಡಿದರೆ ಅಸಲಿ ಆಟದಲ್ಲಿ ಎರಡೂ ಕಡೆ ಸರಿಸಮವಲ್ಲ, ಮೊದಲ ಎಲೆ ಬೀಳುವ ಕಡೆಗೆ ನೂರಕ್ಕೆ 51.5ರಷ್ಟು ಸಂಭವ. ಅಡ್ಡೆ ನಡೆಸುವವರು ಈ ಲೆಕ್ಕ ಬಲ್ಲರು, ಕಟ್ಟುವವರಲ್ಲಿ ಬಲ್ಲವರು ಕಡಿಮೆ.

ಜೋಡಿ ಬಿದ್ದೊಡನೆ ಕೈಯಲ್ಲಿರುವ ಪ್ಯಾಕನ್ನು ಕಟ್ ಮಾಡಿ ಕೆಳಗಿಡಿ. ಇದನ್ನು ಮರೆಯಬೇಡಿ. ಬಾಹರ್ ಗೆದ್ದಾಗ ನಾಲ್ಕನೇ ಎಲೆ ಏಳು, ಅದರ ಬೆನ್ನಿಗಿರುವ ಐದನೆಯದೂ ಏಳೇ. ಗುಂಪಿನಲ್ಲಿ ಒಬ್ಬ ಮಾಣಿ ಕೈಹಾಕಿ “ಮುಂದಿನದು ಏನಿತ್ತು ನೋಡುವಾ” ಅಂತ ಮೇಲಿನ ಎಲೆ ತೆರೆದರೆ ಗುಟ್ಟು ಅರ್ಧ ಹೊರಗೆ.

ಹಂತ 8: ಮತ್ತೊಮ್ಮೆ ಅಂದಾಗ

ಅನ್ನುತ್ತಾರೆ. ಒಂದು ಸಲ ಹೆಚ್ಚೆಂದರೆ ಮಾಡಿ, ಈ ಸಲ ಏಳೇಳು ಎಲೆ ಹಾಕಿ, ಅಂಕಿ ಬೇರೆ ಇರಲಿ. ಅದಕ್ಕೆ ಮೊದಲು ಕೆಳಗೆ ಬಿದ್ದ ಎಲೆಗಳನ್ನು ಪಕ್ಕಕ್ಕೆ ಮಗುಚಿ ಪ್ಯಾಕಿಗೆ ಸೇರಿಸಿ, ಎಳೆದು, ತಿರುಗಿದ್ದ ಏಳುಗಳನ್ನು ಬೇರೆ ಮಾಡಿ ಸರಿಯಾಗಿ ಸೇರಿಸಬೇಕು. ಹರಟೆಯ ನಡುವೆ ಇದು ಸಾಧ್ಯವಾಗದಿದ್ದರೆ “ಇವತ್ತಿಗೆ ಸಾಕು” ಅಂದುಬಿಡಿ. ಮೂರನೇ ಸಲ ಮಾಡಿದರೆ ಯಾರಾದರೂ ಒಬ್ಬರಾದರೂ ತಾಲೀಮು ಯಾಕೆ ಬೇಕು ಎಂದು ಕೇಳುತ್ತಾರೆ, ಆ ಪ್ರಶ್ನೆಗೆ ಒಳ್ಳೆಯ ಉತ್ತರವಿಲ್ಲ.

ಪ್ಯಾಕ್ ನೋಡಲು ಕೇಳುವವರು ಇದ್ದೇ ಇರುತ್ತಾರೆ. ಸುಮ್ಮನೆ ತಿರುವಿ ನೋಡುವವರಿಗೆ ಏನೂ ಸಿಗುವುದಿಲ್ಲ, ಎಲೆಗಳೆಲ್ಲ ಬೇರೆ ಬೇರೆ, 52 ಸರಿಯಾಗಿದೆ. ಇಸ್ಪೀಟಿನಲ್ಲಿ ಪಳಗಿದ ಬೆರಳಿಗೆ ಮಾತ್ರ ಓರೆ ತಾಗುತ್ತದೆ. ಜೋಡಿ ಪ್ಯಾಕ್ ತರಿಸಿದ್ದು ಇದಕ್ಕೆ: ಆಟ ಮುಗಿದೊಡನೆ ಓರೆ ಪ್ಯಾಕನ್ನು ಡಬ್ಬಿಗೆ ಹಾಕಿ ಜೇಬಿಗಿಳಿಸಿ. ಯಾರಾದರೂ ಕೇಳಿದರೆ ಇನ್ನೊಂದು ಜೇಬಿನದನ್ನು ಕೊಡಿ. ತಾವಾಗಿ ಕೇಳುವ ಮೊದಲೇ “ಬೇಕಾದರೆ ನೋಡಿ” ಅಂತ ಕೊಡಲು ಹೋಗಬೇಡಿ, ಇಲ್ಲದ ಸಂಶಯವನ್ನು ನೀವೇ ಹುಟ್ಟಿಸಿದಂತೆ.

ಮಳೆಗಾಲದಲ್ಲಿ ಪ್ಯಾಕ್ ಕಾಪಾಡುವುದು

ಹೊರಗಿನವರು ಬರೆದ ಪುಸ್ತಕಗಳಲ್ಲಿ ಈ ವಿಷಯ ಇರುವುದಿಲ್ಲ, ನಮ್ಮಲ್ಲಿ ಇದೇ ದೊಡ್ಡ ತಾಪತ್ರಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲೂ ಘಟ್ಟದ ಮೇಲೂ ಗಾಳಿಯಲ್ಲಿ ನೀರೇ ಇರುತ್ತದೆ. ಕಾಗದದ ಎಲೆ ಥಂಡಿ ಹೀರಿ ಉಬ್ಬುತ್ತದೆ, ಬಾಗುತ್ತದೆ, ಒಂದಕ್ಕೊಂದು ಅಂಟುತ್ತದೆ. ಸಾದಾ ಪ್ಯಾಕಾದರೆ ಹೇಗೋ ಆಡಬಹುದು, ಓರೆ ಪ್ಯಾಕಿನಲ್ಲಿ ಇರುವ ವ್ಯತ್ಯಾಸವೇ ಒಂದು ಮಿಲಿಮೀಟರು, ಅಂಚು ಉಬ್ಬಿದರೆ ಎಳೆದಾಗ ಮೂರರ ಜಾಗದಲ್ಲಿ ಆರು ಬರುತ್ತವೆ.

ಗಾಳಿಯಾಡದ ಸ್ಟೀಲ್ ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ರಬ್ಬರ್ ಬ್ಯಾಂಡ್ ಸುತ್ತಲೇಬಾರದು, ಅಂಚಿನಲ್ಲಿ ಕಚ್ಚು ಬೀಳುತ್ತದೆ. ಎಲೆ ಸಲೀಸಾಗಿ ಜಾರಲಿ ಅಂತ ಮುಖಕ್ಕೆ ಹಚ್ಚುವ ಪೌಡರ್ ಹಾಕುವವರಿದ್ದಾರೆ, ಥಂಡಿ ಗಾಳಿಗೆ ಅದು ಗಂಟಾಗಿ ಎಲೆಯನ್ನೇ ಕೆಡಿಸುತ್ತದೆ. ಬಾಗಿದ ಪ್ಯಾಕನ್ನು ಒಲೆಯ ಮೇಲೆ, ಇಸ್ತ್ರಿ ಪೆಟ್ಟಿಗೆಯಡಿ ಒಣಗಿಸಬೇಡಿ. ಭಾರದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಟ್ಟರೆ ಬಹುಮಟ್ಟಿಗೆ ನೇರವಾಗುತ್ತದೆ. ಮೀನಿನ ಊಟವಾದ ಕೈ, ಕವಳ ಹಾಕಿದ ಕೈ ಎರಡನ್ನೂ ತೊಳೆದು ಒರೆಸಿಕೊಂಡೇ ಮುಟ್ಟಿ, ಕಲಸಲು ಕೊಡುವವರ ಕೈಯನ್ನೂ ಒಮ್ಮೆ ನೋಡಿ. ಎಳೆದಾಗ ಎಲೆಗಳು ಸರಿಯಾಗಿ ಬೇರೆಯಾಗದ ದಿನ ಆ ಪ್ಯಾಕನ್ನು ಮಕ್ಕಳ ಕತ್ತೆ ಆಟಕ್ಕೆ ಬಿಟ್ಟು ಹೊಸದು ತರಿಸಿ.